ಪಟಿಕದ ನೀರು

ಗ್ರಾಂಟ್ ರೋಡಿನಲ್ಲಿ ನಮ್ಮದು ಡ್ರೆಸ್‌ವಾಲಾ ಅಂಗಡಿ. ನಾಟಕ, ಯಕ್ಷಗಾನ, ಶಾಲೆಯ ಫ್ಯಾನ್ಸಿ ಡ್ರೆಸ್, ಎಲ್ಲದಕ್ಕೂ ವೇಷ ಹೊಲಿದು ಬಾಡಿಗೆಗೆ ಕೊಡುತ್ತೇವೆ. ಅಂಗಡಿ ಶುರು ಮಾಡಿದವರು ನನ್ನ ಮಾವ ದೂಜಣ್ಣ, ಉಡುಪಿ ಕಡೆಯ ಮೇಳದಲ್ಲಿ ವೇಷ ಕಟ್ಟುತ್ತಿದ್ದವರು. ದೀವಟಿಗೆಯ ಮುಂದೆ ಕುಣಿಯುವವರ ಬಟ್ಟೆಯನ್ನು ಪಟಿಕ, ಬಿಳಿಗಾರ ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸದೆ ಅವರು ಯಾರಿಗೂ ಕೊಟ್ಟವರಲ್ಲ. ಅಂಥ ಬಟ್ಟೆಗೆ ಕಿಡಿ ಬಿದ್ದರೆ ಕಪ್ಪಾಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಈಗ ದೀವಟಿಗೆ ಎಲ್ಲಿದೆ ಮಾವ ಅಂತ ನಾನೇ ಗೇಲಿ ಮಾಡಿದ್ದುಂಟು. ಆದರೂ ಅವರು ಹೋದ ಮೇಲೂ ಆ ಬಕೆಟ್ಟನ್ನು ನಾನು ಎತ್ತಿಟ್ಟಿಲ್ಲ.

ಮಗಳು ಯಕ್ಷಿತಾಗೆ ಹದಿನಾಲ್ಕು. ಮಲಾಡಿನ ಒಂದು ಕ್ಲಾಸಿನಲ್ಲಿ ಬ್ಯಾಲೆ ಕಲಿಯುತ್ತಾಳೆ. ಅವಳ ಟೀಚರ್ ಮಾಧುರಿ ಈ ವರ್ಷದ ಕಾರ್ಯಕ್ರಮಕ್ಕೆ ಬ್ಯಾಲೆ ಉಡುಪಿನ ಇತಿಹಾಸವನ್ನೇ ಆರಿಸಿಕೊಂಡರು. ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು.

ನೂರೈವತ್ತು, ಇನ್ನೂರು ವರ್ಷ ಹಳೆಯ ಚಿತ್ರಗಳನ್ನು ಮಾಧುರಿ ನನ್ನ ಕತ್ತರಿ ಟೇಬಲ್ ಮೇಲೆ ಹರಡಿದರು. ಆಗಿನ ದೊಡ್ಡ ಮನೆಯ ಹೆಂಗಸರು ಉಸಿರು ಕಟ್ಟುವಂತೆ ಸೊಂಟ ಬಿಗಿದು, ಲಂಗದೊಳಗೆ ಉಕ್ಕಿನ ಬಳೆಗಳ ಪಂಜರ ತೊಟ್ಟು ತಿರುಗುತ್ತಿದ್ದರಂತೆ. ಹಾಗೆ ಬಂದು ತುಂಬಿ ತುಳುಕುವ ವಿರಾರ್ ಲೋಕಲ್ ರೈಲು ಹತ್ತಲಿ ನೋಡೋಣ ಅಂದೆ. ಮಾಧುರಿ ನಕ್ಕರು. ಬ್ಯಾಲೆ ಕುಣಿಯುವವರೂ ಸೊಂಟವನ್ನೇನೋ ಬಿಗಿದರು, ಪಂಜರ ಹೊತ್ತು ಹಾರಲಾಗುತ್ತದೆಯೇ? ಅದಕ್ಕೆ ತೆಳ್ಳನೆ ಬಿಳಿ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹೊಲಿದು, ಗಂಟೆಯಂತೆ ಅರಳುವ, ಪಾದ ಕಾಣುವ ಲಂಗ ಮಾಡಿಕೊಂಡರು. ವೇದಿಕೆಯ ಅಂಚಿನಲ್ಲಿ ಗ್ಯಾಸ್ ದೀಪಗಳು ಉರಿಯುತ್ತಿದ್ದವು. ಲಂಗ ತಗುಲಿ ಎಷ್ಟೋ ಹುಡುಗಿಯರು ಸುಟ್ಟುಹೋದರು.

ಉರಿಯದಂತೆ ಮಾಡುವ ನೀರು ಪ್ಯಾರಿಸಿನಲ್ಲಿ ಆಗಲೇ ಇತ್ತಂತೆ. ಅದರಲ್ಲಿ ಅದ್ದಿದರೆ ಬಟ್ಟೆ ಹಳದಿಯಾಗಿ ಸೆಟೆದುಕೊಳ್ಳುತ್ತದೆ ಅಂತ ಹೆಸರಾಂತ ಹುಡುಗಿಯೊಬ್ಬಳು ಬೇಡವೆಂದಳು. ತಾಲೀಮಿನಲ್ಲೇ ಅವಳ ಲಂಗಕ್ಕೆ ಬೆಂಕಿ ಹತ್ತಿತು. ಎಂಟು ತಿಂಗಳು ನರಳಿ ಸತ್ತಳು. ಎಂಥ ಬುದ್ಧಿಗೇಡಿ ಅಂದೆ ನಾನು.

ಆ ಕಾಲದ ಹಾಗೇ ಕಾಣಲಿ ಅಂತ ಮಾಧುರಿಗೆ ವೇದಿಕೆಯ ಅಂಚಿಗೆ ಎಣ್ಣೆ ಹಣತೆಗಳ ಸಾಲು ಬೇಕಿತ್ತು. ಹಣತೆ ಇಟ್ಟರೆ ನನ್ನ ಬಟ್ಟೆ ಇಲ್ಲ ಎಂದು ನಾನು ಪಟ್ಟು ಹಿಡಿದೆ. ಒಂದು ವಾರ ಫೋನಿನಲ್ಲೇ ಜಗಳವಾಡಿದೆವು. ಈ ನಡುವೆ ಹನ್ನೆರಡು ಮಲ್‌ಮಲ್ ಲಂಗಗಳನ್ನೂ, ಇರಲಿ ಅಂತ ಹೆಚ್ಚಿಗೆ ಹೊಲಿದ ಒಂದನ್ನೂ ಮಾವನ ಲೆಕ್ಕದಲ್ಲೇ ಪಟಿಕದ ನೀರಿಗೆ ಅದ್ದಿದ್ದೆ. ಕೊನೆಗೆ ಮಾಧುರಿಯೇ ಸೋತು ಬ್ಯಾಟರಿ ದೀಪ ತರಿಸಿದರು. ಗೆದ್ದೆ ಅಂತ ಬೀಗಿದೆ.

ಲಂಗಗಳು ಒಣಗಿದಾಗ ಮಾಸಲು ಹಳದಿಯಾಗಿದ್ದವು. ಮಾಧುರಿ ಹೇಗೋ ಒಪ್ಪಿಕೊಂಡರು. ಯಕ್ಷಿತಾ ಒಪ್ಪಲಿಲ್ಲ. ಕನ್ನಡಿಯ ಮುಂದೆ ನಿಂತವಳ ಕಣ್ಣಲ್ಲಿ ನೀರು ತುಂಬಿತ್ತು.

"ಅಮ್ಮ, ಕಿತ್ನಾ ಗಂದಾ ಕಾಣ್ತದೆ, ಕೊಳೆ ಬಟ್ಟೆ ಥರ. ಹಣತೇನೇ ಇಲ್ಲ ನಾ ಈಗ? ನಂದೊಂದು ವಾಶ್ ಮಾಡಿ ಕೊಡು."

ಮೊದಲು ಗದರಿದೆ. ಆಮೇಲೆ ಅವಳು ಹೇಳಿದ್ದು ಸರಿಯೆನಿಸಿತು. ಬೆಂಕಿಯೇ ಇಲ್ಲದ ಕಡೆ ಪಟಿಕ ಯಾಕೆ? ಕಾರ್ಯಕ್ರಮದ ಹಿಂದಿನ ದಿನ ಅವಳದೊಂದನ್ನೇ ಮೂರು ನೀರಿನಲ್ಲಿ ಜಾಲಿಸಿ, ನೀಲಿ ಹಾಕಿ, ಗಂಜಿ ಕೊಟ್ಟು ಇಸ್ತ್ರಿ ಮಾಡಿದೆ. ಉಳಿದವಕ್ಕೆ ಸಮಯವಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಉಳಿದವನ್ನು ತೊಳೆಯುವ ಮನಸ್ಸೂ ಇರಲಿಲ್ಲ. ಹನ್ನೆರಡು ಮಕ್ಕಳ ನಡುವೆ ನನ್ನವಳು ಎದ್ದು ಕಾಣಲಿ ಅನ್ನುವ ಆಸೆ ಇತ್ತು.

ಕಾರ್ಯಕ್ರಮದ ದಿನ ಮಕ್ಕಳು ಲಂಗ ತೊಟ್ಟು ಗ್ರೀನ್ ರೂಮಿನಲ್ಲಿ ಸಾಲಾಗಿ ನಿಂತರು. ವೇಷ ಕಟ್ಟಿದ ಮೇಲೆ ಚೌಕಿ ಪೂಜೆ ಆಗದೆ ನಮ್ಮವರು ಯಾರೂ ರಂಗಕ್ಕೆ ಹೋಗುವುದಿಲ್ಲ. ಮೇಳದವರು ಬಣ್ಣ ಹಚ್ಚುವ ಜಾಗಕ್ಕೆ ಚೌಕಿ ಅನ್ನುತ್ತಾರೆ. ಮಾವನ ಕಾಲದಿಂದ ನಮ್ಮ ವೇಷ ಹೋದಲ್ಲೆಲ್ಲ ಈ ಪೂಜೆ ನಡೆದಿದೆ. ಬ್ಯಾಲೆ ಆದರೇನು? ಗಣಪತಿಯ ಫೋಟೋ ಇಟ್ಟೆ, ಹಿತ್ತಾಳೆ ತಟ್ಟೆಯಲ್ಲಿ ಆರತಿ ಹಚ್ಚಿದೆ. ಅದು ಬೆಂಕಿ ಅಂತ ನನಗೆ ಹೊಳೆಯಲೇ ಇಲ್ಲ. ಆರತಿಯನ್ನು ಬೆಂಕಿ ಅಂತ ಯಾರು ನೋಡುತ್ತಾರೆ?

ಹನ್ನೊಂದು ಮಕ್ಕಳು ಆರತಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು. ಕೊನೆಗೆ ಯಕ್ಷಿತಾ ನನ್ನ ಕಾಲು ಮುಟ್ಟಲು ಬಂದಳು. ಎರಡೂ ಕೈ ಅವಳ ತಲೆಯ ಮೇಲಿಡಲೆಂದು ನಾನು ತಟ್ಟೆಯನ್ನು ನೆಲಕ್ಕಿಟ್ಟೆ. ಅವಳು ಬಗ್ಗಿದಳು. ಗಂಟೆಯಂತೆ ಅರಳಿದ ಲಂಗದ ಅಂಚು ತಟ್ಟೆಯ ಮೇಲೆ ಬಿತ್ತು.

ಕಣ್ಣು ಮಿಟುಕಿಸುವಷ್ಟರಲ್ಲಿ ಸೊಂಟದವರೆಗೆ ಉರಿ ಏರಿತು. ಕೈಗೆ ಸಿಕ್ಕಿದ್ದು ಕುರ್ಚಿಯ ಮೇಲಿದ್ದ ಆ ಹೆಚ್ಚಿನ ಲಂಗ. ಅದನ್ನೇ ಸುತ್ತಿ ಅವಳನ್ನು ಕೆಡವಿ ಮೇಲೆ ಬಿದ್ದೆ. ಬೆಂಕಿ ಆರಿತು. ಹಳದಿ ಲಂಗ ಅಲ್ಲಲ್ಲಿ ಕಪ್ಪಾಗಿತ್ತು, ಅಷ್ಟೇ.

ಅವಳ ಎಡಗಾಲು ತೊಡೆಯಿಂದ ಪಾದದವರೆಗೆ ಸುಟ್ಟಿದೆ. ಜೀವಕ್ಕೆ ಅಪಾಯವಿಲ್ಲ, ಮತ್ತೆ ಕುಣಿಯುವ ಮಾತು ಈಗ ಬೇಡ ಅಂದರು ಡಾಕ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಮಾಧುರಿ ಅಳುತ್ತಿದ್ದರು. ಆ ಸುಟ್ಟವರ ಕಥೆಯನ್ನು ತಾನು ತೆಗೆಯಲೇಬಾರದಿತ್ತು ಅಂತ ಕಂಡವರಿಗೆಲ್ಲ ಹೇಳುತ್ತಿದ್ದರು. ಅವರ ಕೈ ಹಿಡಿದು, ಲಂಗ ತೊಳೆದವಳೂ ನಾನೇ, ಆರತಿ ತಂದವಳೂ ನಾನೇ, ನೀವು ಅಳಬೇಡಿ ಅಂದೆ. ಅವರು ಮೆಲ್ಲನೆ ಕೈ ಬಿಡಿಸಿಕೊಂಡರು.

ಮೂರನೆಯ ದಿನ ಯಕ್ಷಿತಾ ಸರಿಯಾಗಿ ಕಣ್ಣು ಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಅಮ್ಮ, ಸ್ಟೇಜ್ ಮೇಲೆ ಹೋಗಿದ್ರೆ ನಾನೊಬ್ಳೇ ಬಿಳಿ ಕಾಣ್ತಿದ್ದೆ ನಾ?"

"ಹೌದು ಮಗಾ," ಅಂದೆ. "ನೀನೊಬ್ಳೇ." ಅಷ್ಟಕ್ಕೇ ಅಲ್ಲವೇ ನಾನು ಅದನ್ನು ತೊಳೆದದ್ದು.