ರೆಕ್ಕೆಯಿಂದ ಎರಡು ಕೂದಲೆಳೆ ಮೇಲೆ

ಸದ್ದಿನ ವೇಗದ ಎರಡು ಪಟ್ಟು ವೇಗದಲ್ಲಿ ಗಾಳಿ ನುಗ್ಗಿಸುವ ಆ ಸುರಂಗ ಶುರುವಾಯಿತೆಂದರೆ ಮೂರು ಊರಾಚೆಯ ಕಿವುಡರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಿಂದ ಅದರ ತಿರುಪುಗಳನ್ನು ಬಿಗಿಮಾಡುತ್ತಿದ್ದವನು ನಮ್ಮ ಫಿಟ್ಟರು.

ಅವನ ತಂಗಿ ಹೊಸ ವಿಮಾನಗಳನ್ನು ಮೊದಲು ಹಾರಿಸಿ ನೋಡುವವಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಿರ್ದೇಶಕರ ವಿಮಾನದ ಸರದಿ. ಅದರ ರೆಕ್ಕೆಯ ಮೈಮೇಲೆ ಉಕ್ಕಿನ ಪಟ್ಟಿಯೊಂದು ಗಾಳಿಯ ದಿಕ್ಕಿಗೇ ಓಡುತ್ತದೆ. ಗಾಳಿ ರೆಕ್ಕೆಯನ್ನು ಕೈಬಿಟ್ಟರೆ ವಿಮಾನ ಕಲ್ಲಿನಂತೆ ಬೀಳುತ್ತದೆ. ಜೊತೆಗೇ ಓಡುವ ರೆಕ್ಕೆಯನ್ನು ಗಾಳಿ ಎಂದೂ ಬಿಡದು ಎಂಬುದು ನಿರ್ದೇಶಕರ ಸಿದ್ಧಾಂತ. ಅದನ್ನು ವಿವರಿಸಿ ವಿವರಿಸಿ ಅವರು ನೂರಾರು ಮದುವೆಯೂಟಗಳನ್ನು ತಣ್ಣಗಾಗಿಸಿದ್ದರು.

ಶುಕ್ರವಾರ ಸುರಂಗದಲ್ಲಿ ಆ ರೆಕ್ಕೆಯ ಕೊನೆಯ ಪರೀಕ್ಷೆ. ಗಾಳಿಯ ದಿಕ್ಕು ಹಿಡಿಯುವ ಸಣ್ಣ ನಳಿಗೆಯನ್ನು ಕೈಪಿಡಿ ಹೇಳಿದಂತೆ ಪಟ್ಟಿಗೆ ಒತ್ತಿಟ್ಟಿದ್ದರು. ಆ ಕೈಪಿಡಿ ಬರೆದದ್ದು ಪಟ್ಟಿ ಓಡದ ಮಾಮೂಲಿ ರೆಕ್ಕೆಗಳಿಗೆ! ಮಾಪಕದ ಮುಳ್ಳು ಮುಂದಕ್ಕೆ ತೋರಿಸಿತು, ಅಂದರೆ ಗಾಳಿ ಸರಿಯಾದ ದಿಕ್ಕಿಗೇ ಓಡುತ್ತಿದೆ.

"ಗಾಳಿ ಬಿಟ್ಟಿದ್ಯೇನ್ರಿ?" ಎಂದರು ನಿರ್ದೇಶಕರು.

"ಎಲ್ಲಾದ್ರೂ ಉಂಟೇ ಸರ್!" ಎಂದರು ಮೂವರು ಉಪನಿರ್ದೇಶಕರು, ಒಂದೇ ಬಾಯಲ್ಲಿ.

ಫಿಟ್ಟರು ತಡೆಯಲಾರದೆ ಹೇಳಿದ: "ಸರ್, ಅಂಟ್ಕೊಂಡಿರೋ ಗಾಳೀನ ಪಟ್ಟೀನೇ ಎಳ್ಕೊಂಡು ಹೋಗ್ತಿದೆ. ಸಾಹೇಬರ ಕಾರಲ್ಲಿ ಕೂತೋರನ್ನ ಕೇಳಿದ್ರೆ ದಾರಿ ಚೆನ್ನಾಗಿದೆ ಅಂತಾನೇ ಅಂತಾರೆ. ಎರಡು ಕೂದಲೆಳೆ ಮೇಲೆ ಕೇಳೋಣ."

"ನಿನ್ನ ಕೆಲಸ ತಿರುಪು ತಿರುಗಿಸೋದು ಕಣಯ್ಯಾ!"

"ಆಗ್ಲಿ ಸರ್," ಎಂದವನೇ ನಳಿಗೆಯ ತಿರುಪನ್ನೇ ತಿರುಗಿಸಿಬಿಟ್ಟ. ನಳಿಗೆ ಎರಡೇ ಎರಡು ಕೂದಲೆಳೆ ಮೇಲೇರಿತು. ಮುಳ್ಳು ಗಿರ್ರನೆ ಹಿಂದಕ್ಕೆ ತಿರುಗಿತು. ಪಟ್ಟಿಯ ಮೇಲೆ ಎಲ್ಲ ಸುಸೂತ್ರ. ಅದರ ನೆತ್ತಿಯ ಮೇಲೆ ಗಾಳಿ ಕೈಕೊಟ್ಟು ವಾಪಸು ಓಡುತ್ತಿತ್ತು.

"ಕೆಳಗಿಳಿಸೋ ಅದನ್ನ!"

"ನಳಿಗೆ ಇಳಿಸ್ತೀನಿ ಸರ್. ಸೋಮವಾರ ನನ್ನ ತಂಗೀನ ಯಾರು ಇಳಿಸ್ತಾರೆ?"

ಗಾಜಿನಾಚೆ ನಿಂತಿದ್ದ ತಂಗಿ ಒಳಗೆ ಬಂದಳು. "ಅಣ್ಣಾ, ಇನ್ನೊಂದ್ಸಲ ತೋರಿಸು." ಮೂರು ಸಲ ತೋರಿಸಿದ. ಮೂರು ಸಲವೂ ಮುಳ್ಳು ಹಿಂದಕ್ಕೇ. ಅವಳು ಹಾರಾಟದ ಒಪ್ಪಿಗೆ ಹಾಳೆಯನ್ನು ಸಹಿ ಹಾಕದೆ ನಿರ್ದೇಶಕರ ಮುಂದಿಟ್ಟಳು. "ನೀವೇ ಹಾರಿಸಿ ಸರ್. ನನಗೆ ಸಿದ್ಧಾಂತ ಅಷ್ಟಾಗಿ ಬರಲ್ಲ."

ಆ ಕ್ಷಣವೇ ನಿರ್ದೇಶಕರ ರಕ್ತದೊತ್ತಡ ಸುರಂಗದ ಒತ್ತಡವನ್ನೂ ಮೀರಿತಂತೆ. ಹಾರಾಟ ರದ್ದಾಯಿತು. 'ನಳಿಗೆ ತನ್ನ ಅಂತಸ್ತು ಮೀರಿ ನಿಂತದ್ದರಿಂದ ಗೊಂದಲ' ಎಂದು ವರದಿ ಹೊರಟಿತು. ಫಿಟ್ಟರಿಗೆ ಉಗ್ರಾಣಕ್ಕೆ ವರ್ಗ.

ಸೋಮವಾರ ಅವನು ಉಗ್ರಾಣಕ್ಕೆ ರಜೆ ಹೇಳಿ ತಂಗಿಯ ಮನೆಯಲ್ಲಿ ಕೂತ. ಗೋಡೆ ಗಡಿಯಾರ ಹತ್ತು ಹೊಡೆಯಿತು. ಒಳಕೋಣೆಯಲ್ಲಿ ಅವಳು ಮನೆಯ ಛಾವಣಿ ಎದ್ದು ಕೂರುವಂತೆ ಗೊರಕೆ ಹೊಡೆಯುತ್ತಿದ್ದಳು.

"ಎಬ್ಬಿಸ್ಲಾ ಭಾವ?" ಎಂದ ಅವಳ ಗಂಡ.

"ಬೇಡಪ್ಪಾ," ಎಂದ ಫಿಟ್ಟರು, ಕಣ್ಣೊರೆಸಿಕೊಂಡು. "ಹೊಡೀಲಿ ಬಿಡು."