ಹತ್ತೊಂಬತ್ತು ಪದರ

ರುತೆಂಗ್ ಎಂಬ ಬೆಟ್ಟದೂರಿನ ನಮ್ಮ ಶಾಲೆಯಲ್ಲಿ ಸರ್ವರ್ ಮುಟ್ಟುವ ಧೈರ್ಯವಿದ್ದವಳು ನಾನೊಬ್ಬಳೇ. ಧೈರ್ಯ ಅಂದೆನಲ್ಲ, ಅದು ಸುಳ್ಳು. ನನ್ನಂಥ ಪುಕ್ಕಲಿ ಇನ್ನೊಬ್ಬಳಿಲ್ಲ.

ವಿದ್ಯಾರ್ಥಿವೇತನದ ಪರೀಕ್ಷೆ ನಡೆಯುವುದು ಸರ್ವರಿನೊಳಗಿನ ಇನ್ನೊಂದು ಸರ್ವರಿನಲ್ಲಿ. ಒಳಗಿನದು ನಿಜವಾದ ಯಂತ್ರವಲ್ಲ. ಅದರ ಡಿಸ್ಕ್ ಎಂಬುದು ಹೊರಗಿನ ಡಿಸ್ಕಿನಲ್ಲಿರುವ ಒಂದು ದೊಡ್ಡ ಫೈಲು, ಅಷ್ಟೇ. ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಲು ಇರಲಿ ಎಂದು ಜನವರಿಯಿಂದ ಪ್ರತಿ ಅಭ್ಯಾಸ ಪರೀಕ್ಷೆಗೂ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತಿದ್ದೆ; ಅಂದರೆ ಆ ಕ್ಷಣದ ಡಿಸ್ಕನ್ನು ಹಾಗೇ ಮುಚ್ಚಿಟ್ಟು, ಮುಂದಿನದನ್ನೆಲ್ಲ ಅದರ ಮೇಲಿನ ಹೊಸ ಪದರದಲ್ಲಿ ಬರೆಯುವುದು. ಚರ್ಚಿನ ಫಾದರ್ ಬಂದು ಸರ್ವರಿಗೆ ಪವಿತ್ರ ಜಲ ಚಿಮುಕಿಸಿದ ದಿನವೂ ಒಂದು ತೆಗೆದೆ. ಯಾವುದನ್ನೂ ಅಳಿಸಲು ಮಾತ್ರ ಕೈ ಬರಲಿಲ್ಲ.

ಪರೀಕ್ಷೆಯ ದಿನ ಒಂಬತ್ತೂಕಾಲಿಗೆ ಮಕ್ಕಳ ಪರದೆಗಳು ನಿಂತವು. ಪ್ರೊಸೆಸರ್ ಖಾಲಿ ಕೂತಿತ್ತು, ಮೆಮೊರಿ ಬೇಕಾದಷ್ಟಿತ್ತು, ಡಿಸ್ಕ್ ಮಾತ್ರ ಏದುಸಿರು ಬಿಡುತ್ತಿತ್ತು. ಪಟ್ಟಿ ತೆರೆದರೆ ಹತ್ತೊಂಬತ್ತು ಸ್ನ್ಯಾಪ್‌ಶಾಟ್, ಒಂದರ ಮೇಲೊಂದು. ಹತ್ತೊಂಬತ್ತು ಸ್ವೆಟರ್ ಹಾಕಿಕೊಂಡವನು ಒಳಅಂಗಿಯ ಜೇಬಿಗೆ ಕೈ ಹಾಕಿದ ಹಾಗಾಗಿತ್ತು ಅದರ ಪಾಡು.

ಹೆಡ್‌ಮಾಸ್ಟರ್ ದೊನಾತುಸ್ ಓಡಿ ಬಂದರು. "ಆಫ್ ಮಾಡಿ ಆನ್ ಮಾಡಮ್ಮ. ನಮ್ಮನೆ ಟಿವಿ ಹಂಗೇ ಸರಿಹೋಗತ್ತೆ."

"ಮಾಡಿದ್ರೆ ಇಷ್ಟೊತ್ತು ಬರೆದಿದ್ದೂ ಹೋಗತ್ತೆ ಸರ್. ಈ ಪದರ ಎಲ್ಲಾ ಕೂಡಿಸಿ ಒಂದು ಮಾಡ್ಬೇಕು. ಅದಕ್ಕೆ ಮೂರು ಗಂಟೆ ಬೇಕು."

"ಹತ್ತಕ್ಕೆ ಮುಗಿಯೋ ಪರೀಕ್ಷೆಗೆ ಮೂರು ಗಂಟೆ! ಜನವರಿಯಿಂದ ಏನ್ ಕತ್ತೆ ಕಾಯ್ತಿದ್ಯಾ?"

ಎಲ್ಲರೂ ಒಟ್ಟಿಗೆ ಒತ್ತಿದರೆ ಯಾರದೂ ತಲುಪದು ಎಂದು, ಉತ್ತರ ಕಳಿಸುವ ಕೊನೆಯ ಗುಂಡಿಯನ್ನು ಒಬ್ಬೊಬ್ಬರಿಂದಲೇ ಒತ್ತಿಸಿದೆ. ಒಬ್ಬೊಬ್ಬರಿಗೂ ಒಂದು ನಿಮಿಷದ ಮೇಲೆ ಹಿಡಿಯಿತು. ಅಳುತ್ತಿದ್ದವರಿಂದ ಮೊದಲು ಒತ್ತಿಸಿದೆ. ಎಲ್ಫ್ರಿದಾ ಅಳುತ್ತಿರಲಿಲ್ಲ. ಈ ವಿದ್ಯಾರ್ಥಿವೇತನ ಸಿಕ್ಕರೆ ಅವಳಿಗೆ ಕುಪಾಂಗ್ ನಗರದ ನರ್ಸಿಂಗ್ ಕಾಲೇಜು, ಇಲ್ಲದಿದ್ದರೆ ಮಲೇಷ್ಯಾದ ತಾಳೆ ತೋಟ. ಅವಳ ಅಕ್ಕ ಆಗಲೇ ಅಲ್ಲಿ ಕೂಲಿಗೆ ಹೋಗಿದ್ದಾಳೆ.

"ನೀನು ಜಾಣೆ ಕಣೆ, ಸ್ವಲ್ಪ ತಡಿ," ಎಂದೆ. ಮೂರು ಸಲ ಹಾಗೇ ಅಂದೆ.

ಮೂವತ್ತೊಂದು ಮಕ್ಕಳ ಉತ್ತರ ತಲುಪಿತು. ಎಲ್ಫ್ರಿದಾ ಗುಂಡಿ ಒತ್ತಿದಳು, ಪರದೆಯ ಮೇಲೆ ಚಕ್ರ ತಿರುಗುತ್ತಿರುವಾಗಲೇ ಹತ್ತು ಹೊಡೆಯಿತು. ಉತ್ತರ ತೆಗೆದುಕೊಳ್ಳುವ ಕೇಂದ್ರ ಕಚೇರಿಯವರ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಫೋನ್ ಮಾಡಿದರೆ, ಮರುಪರೀಕ್ಷೆ ಇಲ್ಲ ಎಂದು ಹೇಳಿ ಇಟ್ಟುಬಿಟ್ಟರು.

ಅವಳು ನನ್ನ ಮೇಜಿನ ಹತ್ತಿರ ಬಂದಳು. "ಟೀಚರ್, ಉತ್ತರ ಎಲ್ಲಾ ನೆನಪಿದೆ. ಹೇಳ್ತೀನಿ, ಬರ್ಕೊಳ್ಳಿ. ಒಂದನೇದು ಬಿ. ಎರಡನೇದು ಡಿ."

ಆ ಕಾಗದವನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ನಲವತ್ತೂ ಉತ್ತರ ಬರೆದುಕೊಂಡೆ.

"ಸರಿ ಇದ್ಯಾ ಟೀಚರ್?"

"ಎರಡು ತಪ್ಪು."

"ಎರಡೇನಾ?" ಎಂದು ಅವಳು ಖುಷಿಯಿಂದ ನಕ್ಕುಬಿಟ್ಟಳು.