ಸೂಜಿ ಮಾಮನ ಕೆಂಪು ಕರವಸ್ತ್ರ

ಮಕ್ಕಳ ವಾರ್ಡಿನಲ್ಲಿ ರಕ್ತ ತೆಗೆಯುವ ಕೆಲಸ ಹತ್ತೊಂಬತ್ತು ವರ್ಷದಿಂದ ಅವನದೇ. ಕೈ ಒಳ್ಳೆಯದು, ದಾರದಷ್ಟು ಸಣ್ಣ ನರವಾದರೂ ಒಂದೇ ಚುಚ್ಚಿಗೆ ಸಿಕ್ಕಿಬಿಡುತ್ತಿತ್ತು. ಆದರೆ ಕೈಯನ್ನು ಯಾರು ನೋಡುತ್ತಾರೆ? ಬೆಳಗ್ಗೆ ಆರೂವರೆಗೆ ಅವನ ಟ್ರೇಯಲ್ಲಿ ಗಾಜಿನ ಕೊಳವೆಗಳು ಕಿಣಿಕಿಣಿ ಅಂದರೆ ಸಾಕು, ಒಂದನೇ ಹಾಸಿಗೆಯಿಂದ ಹನ್ನೆರಡನೆಯದರವರೆಗೆ ಅಳು ಸಾಲಾಗಿ ಹತ್ತಿಕೊಳ್ಳುತ್ತಿತ್ತು. ಮಕ್ಕಳು ಇಟ್ಟ ಹೆಸರು ಸೂಜಿ ಮಾಮ. ಹಾಲು ಕುಡಿಯದ ಮಕ್ಕಳಿಗೆ ಅಮ್ಮಂದಿರು "ಸೂಜಿ ಮಾಮನ್ನ ಕರೀಲಾ?" ಅನ್ನುತ್ತಿದ್ದರು. ಹೀಗೆ ಹತ್ತೊಂಬತ್ತು ವರ್ಷ ಗುಮ್ಮನಾಗಿ ದುಡಿದ ಮನುಷ್ಯ ಮನೆಯಲ್ಲಿ ಇಲಿ ಕಂಡರೆ ಕುರ್ಚಿ ಹತ್ತುತ್ತಾನೆ ಎಂಬುದು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳು ಬಟ್ಟೆ ಹೊಲಿಯುವವಳು. "ನಾನೂ ದಿನವೆಲ್ಲ ಸೂಜಿ ಹಿಡ್ಕೊಂಡೇ ಇರ್ತೀನಿ. ನನ್ನ ಹತ್ರ ಬಂದವರು ನಗ್ತಾ ಹೋಗ್ತಾರೆ" ಎಂದು ಆಗಾಗ ಅನ್ನುತ್ತಿದ್ದಳು.

ಮ್ಯಾಜಿಕ್ ತೋರಿಸಿ ಮಕ್ಕಳ ಭಯ ಕಳೆಯುವುದು ಹೇಗೆ ಎಂಬ ಎರಡು ದಿನದ ತರಬೇತಿಗೆ ಆಸ್ಪತ್ರೆಯಿಂದ ಒಬ್ಬರು ಹೋಗಬೇಕು ಎಂದು ಆದೇಶ ಬಂತು. ಹೆಸರು ಬರೆಯುವ ದಿನ ಅವನು ರಜೆಯಲ್ಲಿದ್ದ. ರಜೆಯಲ್ಲಿದ್ದವರ ಹೆಸರು ಇಂಥ ಪಟ್ಟಿಗಳಿಗೆ ತಾನಾಗಿಯೇ ಏರುತ್ತದೆ.

ತರಬೇತಿ ಕೊಟ್ಟವನು ಮಿರುಗುವ ಕಾಲರಿನ ಕಪ್ಪು ಕೋಟಿನ ಜಾದೂಗಾರ. ಹೆಬ್ಬೆರಳಿಗೆ ಟೋಪಿಯಂತೆ ತೊಡಿಸುವ ಒಂದು ಪೊಳ್ಳು ಬೆರಳನ್ನು ಎಲ್ಲರಿಗೂ ಹಂಚಿದ. ಮುಷ್ಟಿಯೊಳಗೆ ಕೆಂಪು ಕರವಸ್ತ್ರ ತುರುಕಿದರೆ ಅದು ಪೊಳ್ಳು ಬೆರಳಿಗೆ ಇಳಿಯುತ್ತದೆ; ಮುಷ್ಟಿ ಬಿಚ್ಚಿದರೆ ಮಾಯ. ಸೂಜಿ ಮಾಮ ಮನೆಯಲ್ಲಿ ಹದಿನೈದು ದಿನ ಅಭ್ಯಾಸ ಮಾಡಿದ. ಹೆಂಡತಿ ಗುಂಡಿ ಹೊಲಿಯುತ್ತಲೇ ನೋಡುತ್ತಿದ್ದಳು.

"ಹೇಗಿದೆ?"

"ನಿಮ್ಮ ಹೆಬ್ಬೆರಳು ಊದಿಕೊಂಡ ಹಾಗಿದೆ. ಯಾರಿಗಾದ್ರೂ ತೋರಿಸ್ಬಾರದಾ?"

ಆದರೆ ವಾರ್ಡಿನಲ್ಲಿ ಮೊದಲ ದಿನವೇ ಮ್ಯಾಜಿಕ್ ಗೆದ್ದಿತು. ಅವನು ಕರವಸ್ತ್ರ ಮಾಯ ಮಾಡಿ, "ಎಲ್ಲಿ ಹೋಯ್ತು, ಸಿಸ್ಟರ್ ಕಿವಿ ಹಿಂದೆ ನೋಡು" ಅನ್ನುವನು. ಮಗು ಆ ಕಡೆ ತಿರುಗುವುದು. ಮುಖ್ಯ ನರ್ಸು ತನ್ನ ಕಿವಿಯ ಹಿಂದಿನಿಂದ ಇನ್ನೊಂದು ಕೆಂಪು ಕರವಸ್ತ್ರ ಎಳೆಯುವಷ್ಟರಲ್ಲಿ ಇತ್ತ ಚುಚ್ಚಿ, ಎಳೆದು, ಹತ್ತಿ ಒತ್ತಿ ಮುಗಿದಿರುತ್ತಿತ್ತು. ನಗುವ ಮುಖದಿಂದ ಅಳುವ ಮುಖದವರೆಗೆ ಆರು ಮುಖಗಳಿದ್ದ ಒಂದು ಹಾಳೆಯಲ್ಲಿ ನರ್ಸು ಮಗುವಿನ ಭಯಕ್ಕೆ ಗುರುತು ಹಾಕಬೇಕಿತ್ತು. ವಾರದೊಳಗೆ ಗುರುತುಗಳೆಲ್ಲ ನಗುವ ಕಡೆಗೆ ಸರಿದವು. ದೊಡ್ಡ ಡಾಕ್ಟರು "ಮ್ಯಾಜಿಕ್ಕಿನ ಫಲ" ಎಂಬ ತಲೆಬರಹ ಕೊಟ್ಟು ಅದರ ನಕ್ಷೆ ಬರೆಸಿ ಆಸ್ಪತ್ರೆಯ ಬಾಗಿಲಲ್ಲಿ ತೂಗುಹಾಕಿಸಿದರು.

ಆರನೇ ಹಾಸಿಗೆಯಲ್ಲಿ ಎಂಟು ವರ್ಷದ ಒಬ್ಬ ಹುಡುಗಿಯಿದ್ದಳು. ಎಲ್ಲದಕ್ಕೂ ಯಾಕೆ, ಎಷ್ಟು, ಯಾರು ಹೇಳಿದ್ದು ಎಂದು ಕೇಳುತ್ತಿದ್ದುದರಿಂದ ನರ್ಸುಗಳು ಅವಳನ್ನು ವಕೀಲೆ ಎನ್ನುತ್ತಿದ್ದರು. ಉಳಿದ ಮಕ್ಕಳು ಮೂರು ನಾಲ್ಕು ದಿನಕ್ಕೆ ಮನೆಗೆ ಹೋದರೆ, ಅವಳು ಬಂದು ತಿಂಗಳಾಗಿತ್ತು. ಅವಳ ರಕ್ತ ದಿನ ಬಿಟ್ಟು ದಿನ ಬೇಕಿತ್ತು. ನಾಲ್ಕನೇ ಸಲ ಅವನು ಕರವಸ್ತ್ರ ತೆಗೆದಾಗ ಅವಳು ಎರಡೂ ಕೈಗಳನ್ನು ಹೊದಿಕೆಯ ಒಳಗೆ ಸೇರಿಸಿಬಿಟ್ಟಳು.

"ಬರೀ ಮ್ಯಾಜಿಕ್ ಕಣಮ್ಮ. ಇನ್ನೇನೂ ಇಲ್ಲ."

"ಮೊನ್ನೆನೂ ಹಾಗೇ ಅಂದಿದ್ರಿ."

ಅಂದು ಮಧ್ಯಾಹ್ನ ಅವಳು ಹಾಸಿಗೆಯಿಂದ ಹಾಸಿಗೆಗೆ ಹೋಗಿ ತಿಳಿವಳಿಕೆ ಹಂಚಿದಳು: ಕೆಂಪು ಬಟ್ಟೆ ಬಂದರೆ ಹಿಂದೆ ಸೂಜಿ ಬರುತ್ತದೆ, ಸಿಸ್ಟರ್ ಕಿವಿ ಕಡೆ ತಿರುಗಲೇಬೇಡಿ. ಮೊದಲು ಟ್ರೇ ಕಂಡು ಅಳುತ್ತಿದ್ದ ಮಕ್ಕಳು ಈಗ ಟ್ರೇ ಕಂಡೂ ಅತ್ತರು, ಕರವಸ್ತ್ರ ಕಂಡೂ ಅತ್ತರು. ಮೊಮ್ಮಗನನ್ನು ನೋಡಲು ಬಂದ ಒಬ್ಬ ಅಜ್ಜ ನೆಗಡಿಯೆಂದು ಜೇಬಿನಿಂದ ಕೆಂಪು ಚೌಕ ತೆಗೆದದ್ದೇ ತಡ, ಇಡೀ ವಾರ್ಡು ಗೊಳೋ ಎಂದಿತು. ಪಾಪ, ಅಜ್ಜ ತನ್ನ ಮುಖದಲ್ಲೇ ಏನೋ ಕೆಟ್ಟಿದೆ ಎಂದುಕೊಂಡು ಹೊರಗೆ ಹೋಗಿ ಕೂತ. ನರ್ಸು ಹಾಳೆ ತುಂಬುವುದನ್ನು ನಿಲ್ಲಿಸಿದಳು. ನಕ್ಷೆ ಮಾತ್ರ ಬಾಗಿಲಲ್ಲಿ ಏರುಮುಖವಾಗಿ ತೂಗುತ್ತಿತ್ತು.

ಅದೇ ನಕ್ಷೆಯ ಸುದ್ದಿ ಕೇಳಿ ಬೇರೆ ಆಸ್ಪತ್ರೆಗಳಿಂದ ಏಳು ಜನ ನೋಡಲು ಬಂದರು. ದೊಡ್ಡ ಡಾಕ್ಟರು ಅವರ ಜೊತೆಗೆ ಕಪ್ಪು ಕೋಟಿನ ಜಾದೂಗಾರನನ್ನೂ ಕರೆಸಿದ್ದರು. ಸೂಜಿ ಮಾಮ ಗೋಡೆಗೆ ಅಂಟಿ ನಿಂತ. ಹೇಳಬೇಕೆಂದು ಬಾಯಿ ತೆರೆದ. ಅತಿಥಿಗಳ ಮುಂದೆ ಹೇಗೆ ಹೇಳುವುದೆಂದು ಮುಚ್ಚಿದ. ಜಾದೂಗಾರ ವಾರ್ಡಿನ ನಡುವೆ ನಿಂತು, ಬಾಗಿ ನಮಿಸಿ, ಕೋಟಿನೊಳಗಿಂದ ಕೆಂಪು ಕರವಸ್ತ್ರವನ್ನು ಝಾಡಿಸಿ ಬಿಡಿಸಿದ.

ಹನ್ನೊಂದು ಮಕ್ಕಳು ಒಟ್ಟಿಗೆ ಕಿರುಚಿದರು. ಒಬ್ಬ ಮಂಚದ ಕೆಳಗೆ ನುಗ್ಗಿದ. ಅಳದವಳು ವಕೀಲೆ ಒಬ್ಬಳೇ. ಅವಳು ನಿಟ್ಟುಸಿರು ಬಿಟ್ಟು, ಅಂಗಿಯ ತೋಳು ಮಡಚಿ, ಕೈಯನ್ನು ಮುಂದಕ್ಕೆ ಚಾಚಿದಳು.

"ಎಡಗೈಲೇ ತಗೊಳ್ಳಿ. ಬಲಗೈಲಿ ನಿನ್ನೆ ತಗೊಂಡಾಗಿದೆ."

ಜಾದೂಗಾರ ತಬ್ಬಿಬ್ಬಾದ. "ಇಲ್ಲ ಪುಟ್ಟಿ, ಇದು ಬರೀ ಮ್ಯಾಜಿಕ್."

"ಗೊತ್ತು. ಸೂಜಿ ಮಾಮನೂ ಅದೇ ಹೇಳೋದು."

ಏಳು ಅತಿಥಿಗಳು ದೊಡ್ಡ ಡಾಕ್ಟರ ಮುಖ ನೋಡಿದರು. ಡಾಕ್ಟರು ಚಹಾ ತಯಾರಿದೆಯೆಂದು ಎಲ್ಲರನ್ನೂ ಹೊರಗೆ ಕರೆದೊಯ್ದರು. ಸೂಜಿ ಮಾಮನ ಕಣ್ಣಿಗೆ ಮಾತ್ರ ಆ ಚಾಚಿದ ತೋಳೇ ಕಟ್ಟಿಬಿಟ್ಟಿತು. ಅದರ ಮೇಲಿನ ನೀಲಿ ಕಲೆಗಳೆಲ್ಲ ಅವನವೇ. ಅದಕ್ಕೆ ಅವನಿಗೆ ನಾಚಿಕೆಯಿರಲಿಲ್ಲ, ಅದು ಅವನ ಕೆಲಸ. "ಇನ್ನೇನೂ ಇಲ್ಲ" ಎಂದದ್ದಕ್ಕೆ ನಾಚಿಕೆಯಾಗಿತ್ತು. ಗುಮ್ಮನಾಗಿದ್ದಾಗ ಅವನು ಯಾವ ಮಗುವಿಗೂ ಸುಳ್ಳು ಹೇಳಿದವನಲ್ಲ.

ಮರುದಿನ ಅವಳ ಸರದಿ ಬಂದಾಗ ಟ್ರೇ ಮಾತ್ರ ಹಿಡಿದು ಹೋದ.

"ಇವತ್ತು ಮ್ಯಾಜಿಕ್ ಇಲ್ಲ. ರಕ್ತ ತೆಗೀಬೇಕು."

"ನೋಯುತ್ತಾ?"

"ನೋಯುತ್ತೆ. ಐದು ಎಣಿಸೋಷ್ಟು ಹೊತ್ತು."

ಅವಳು ಹಲ್ಲು ಕಚ್ಚಿ ಎಣಿಸಿದಳು. ಕಣ್ಣಲ್ಲಿ ನೀರು ಬಂತು, ಕೈ ಅಲುಗಲಿಲ್ಲ. "ಏಳಾಯ್ತು. ಐದು ಅಂದಿದ್ರಿ."

"ತಪ್ಪಾಯ್ತು."

"ಇನ್ಮೇಲೆ ಏಳು ಅಂತಲೇ ಹೇಳಿ."

ಉಳಿದ ಹಾಸಿಗೆಗಳಲ್ಲೂ ಅವನು ಹಾಗೆಯೇ ಹೇಳತೊಡಗಿದ. ಸಣ್ಣವರು ಅತ್ತರು, ಆದರೆ ಚುಚ್ಚಿದ ಮೇಲೆ ಅತ್ತರು, ಹತ್ತಿ ಒತ್ತಿದ ಮೇಲೆ ಸುಮ್ಮನಾದರು. ನರ್ಸು ಮತ್ತೆ ಮುಖಗಳ ಹಾಳೆ ತೆಗೆದಳು.

ಕಲಿತ ವಿದ್ಯೆ ಸುಮ್ಮನಿರಲು ಬಿಡಬೇಕಲ್ಲ. ಭಾನುವಾರ ರಕ್ತ ತೆಗೆಯುವ ಕೆಲಸವಿಲ್ಲ. ಅಂದು ಬಿಳಿ ಕೋಟಿಲ್ಲದೆ, ಮನೆಯ ಅಂಗಿಯಲ್ಲಿ ವಾರ್ಡಿಗೆ ಬಂದು, "ಇವತ್ತು ಮ್ಯಾಜಿಕ್ ಮಾತ್ರ" ಎಂದ. ಮಕ್ಕಳು ವಕೀಲೆಯ ಮುಖ ನೋಡಿದರು.

"ಜೇಬು ತೋರಿಸಿ" ಎಂದಳು ಅವಳು.

ಅವನು ಕೈಯೆತ್ತಿ ನಿಂತ. ಅವಳು ಅಂಗಿಯ ಜೇಬು, ಪ್ಯಾಂಟಿನ ಜೇಬು ಎಲ್ಲ ತಡಕಿದಳು. ಸೂಜಿ ಸಿಗಲಿಲ್ಲ, ಪೊಳ್ಳು ಬೆರಳು ಸಿಕ್ಕಿತು. ಅದನ್ನು ತನ್ನ ಬೆರಳಿಗೆ ಹಾಕಿ, ತೆಗೆದು, ಒಳಗೆ ಇಣುಕಿ, ಮುಂದಿನ ಹಾಸಿಗೆಗೆ ದಾಟಿಸಿದಳು. ಅದು ಹನ್ನೆರಡು ಹಾಸಿಗೆ ಸುತ್ತಿ ಬರುವವರೆಗೆ ಅವನು ಕೈಯೆತ್ತಿಯೇ ನಿಂತಿದ್ದ. ಆಮೇಲೂ ಮ್ಯಾಜಿಕ್ ಮಾಡಿದ. ಗುಟ್ಟು ಗೊತ್ತಿದ್ದ ಮಕ್ಕಳು "ಹೆಬ್ಬೆರಳಲ್ಲಿದೆ, ಹೆಬ್ಬೆರಳಲ್ಲಿದೆ" ಎಂದು ಬಿದ್ದು ಬಿದ್ದು ನಕ್ಕರು. ಮಂಚದ ಕೆಳಗೆ ನುಗ್ಗಿದ್ದವನು ಇನ್ನೊಂದು ಸಲ ಮಾಡಿ ಎಂದು ಆರು ಸಲ ಮಾಡಿಸಿದ. ಜಾದೂಗಾರನಾಗಿ ಅವನು ಅಂದು ಪೂರ್ತಿ ಸೋತ. ಮನೆಗೆ ಶಿಳ್ಳೆ ಹಾಕುತ್ತ ಹೋದ.

ತಿಂಗಳ ಕೊನೆಗೆ ಹಾಳೆಗಳೆಲ್ಲ ಒಟ್ಟಾದವು. ಗುರುತುಗಳು ನಗುವ ಕಡೆ ಅಲ್ಲದಿದ್ದರೂ ಅಳುವ ಕಡೆಯಿಂದ ದೂರ ಸರಿದಿದ್ದವು. ದೊಡ್ಡ ಡಾಕ್ಟರು ಅವನನ್ನು ಕರೆಸಿ ಬೆನ್ನು ತಟ್ಟಿದರು.

"ನಾನು ಹೇಳಿರಲಿಲ್ವಾ? ಮ್ಯಾಜಿಕ್ ಕೆಲಸ ಮಾಡುತ್ತೆ ಅಂತ."

"ಸಾರ್, ಚುಚ್ಚೋವಾಗ ನಾನು ಮ್ಯಾಜಿಕ್ ಮಾಡಲ್ಲ. ನೋಯುತ್ತೆ ಅಂತ ಮೊದಲೇ ಹೇಳ್ತೀನಿ, ಅಷ್ಟೇ."

"ನಿಮ್ಮ ವಿನಯ ನನಗೆ ಗೊತ್ತು" ಎಂದು ಡಾಕ್ಟರು ವರದಿಗೆ ಸಹಿ ಹಾಕಿದರು.

ವಕೀಲೆ ಮನೆಗೆ ಹೊರಟ ದಿನ ಅವಳ ಅಮ್ಮ ಚೀಲಗಳನ್ನು ಕೆಳಗಿಟ್ಟು ಅವನಿಗೆ ಕೈಮುಗಿದಳು. "ನಿಮ್ಮ ಮ್ಯಾಜಿಕ್ಕಿಂದಲೇ ಇವಳಿಗೆ ಧೈರ್ಯ ಬಂದದ್ದು. ಬಾಗಿಲಲ್ಲಿ ಹಾಕಿರೋದನ್ನ ಓದಿದೆ."

ಅವನು ವಕೀಲೆಯನ್ನು ನೋಡಿದ. ಅವಳಿಗೆ ಹೇಳಲು ಬೇಕಾದಷ್ಟಿತ್ತು ಎಂಬುದು ಅವಳ ತುಟಿ ನೋಡಿದರೆ ತಿಳಿಯುತ್ತಿತ್ತು. ಆದರೆ ಅಮ್ಮನಿಗೆ ಅಳು ಬರುವಂತಿತ್ತು. ಹುಡುಗಿ ಚೀಲವೊಂದನ್ನು ಎತ್ತಿಕೊಂಡು, "ಹೌದಮ್ಮ, ಮ್ಯಾಜಿಕ್ಕಿಂದಲೇ" ಎಂದಳು.

ಅಮ್ಮ ಕಣ್ಣೊರೆಸಿಕೊಂಡು ಸಮಾಧಾನದಿಂದ ಲಿಫ್ಟಿನ ಕಡೆ ನಡೆದಳು.